ಬೂಸ್ಟಿನ ಅಕ್ಕೋರು

ಯಾರ ಮನೆಗೆ ಹೋದರೂ ಮೆಹರುನ್ನಿಸಾ ಮೇಡಮ್ ಮೊದಲು ಗೋಡೆ ಮುಟ್ಟುತ್ತಿದ್ದರು. ನೀರು ಕೇಳುವುದು, ಕೂತುಕೊಳ್ಳುವುದು, ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಬಲಗೈಯ ಅಂಗೈಯನ್ನು ಗೋಡೆಗೆ ಒತ್ತಿ, ಕಣ್ಣು ಅರೆಮುಚ್ಚಿ, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ ಒಂದು ಗಳಿಗೆ ನಿಂತುಬಿಡುತ್ತಿದ್ದರು. ನೋಡಿದವರು ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಿದ್ದರು. ಸುಣ್ಣ ಕೈಗೆ ಹತ್ತುತ್ತದೋ ಇಲ್ಲವೋ ನೋಡುತ್ತಾರೆ ಎನ್ನುವವರಿದ್ದರು. ಮಂತ್ರ ಹಾಕುತ್ತಾರೆ ಎನ್ನುವವರೂ ಇದ್ದರು.

ಬಸವನ ಬಾಗೇವಾಡಿಯಲ್ಲಿ ನನ್ನ ಗೆಳತಿಯ ಮಗಳ ಕುಬುಸದ ಕಾರ್ಯಕ್ಕೆ ಇವರನ್ನೂ ಕರೆದುಕೊಂಡು ಹೋಗಿದ್ದೆ. ಬಸುರಿ ಹುಡುಗಿಯನ್ನು ಹಸಿರು ಸೀರೆ ಉಡಿಸಿ ಒಳಕೋಣೆಯಲ್ಲಿ ಕೂರಿಸಿದ್ದರು. ಮೇಡಮ್ ಹೋದವರೇ ಹುಡುಗಿಯನ್ನೂ ನೋಡದೆ ಗೋಡೆಗೆ ಕೈ ಇಟ್ಟರು. ಹುಡುಗಿಯ ಅತ್ತೆಗೆ ಸಿಟ್ಟು ಬಂತು.

“ಏನ್ರಿ ಇದು, ಶುಭಕಾರ್ಯದಾಗ ಗ್ವಾಡಿ ಹಿಡ್ಕೊಂಡು ಏನ್ ಮಾಡಾಕತ್ತೀರಿ?”

“ಗ್ವಾಡಿ ನನ್ನ ಕೈಗಿಂತ ಬಿಸಿ ಐತ್ರಿ. ಹುಡಿಗೀನ ಹೊರಗ ಪಡಸಾಲ್ಯಾಗ ಕುಂದರಸ್ರಿ. ಇಲ್ಲಿ ಬೇಯಸಾಕತ್ತೀರಿ ಅಕೀನ.”

ಅತ್ತೆ ಮುಖ ಗಂಟಿಕ್ಕಿದರು, ಆದರೆ ಹುಡುಗಿಯನ್ನು ಹೊರಗೆ ಕರೆತಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮೇಡಮ್ಮಿಗೆ ಚೆನ್ನಾಗಿ ಬೈದೆ. “ನಿಮ್ಮನ್ನ ಕರಕೊಂಡು ಹೋದ್ರ ನನ್ನ ಮಾನ ಉಳಿಯೂದಿಲ್ಲ” ಎಂದೆ. ಅವರು ಕಿಟಕಿಯ ಸರಳಿಗೆ ಕೈ ಇಟ್ಟು ಅದರ ಬಿಸಿ ನೋಡುತ್ತಿದ್ದರು.

ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವಳು. ಮೇಡಮ್ಮಿನ ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇದ್ದೆ. ಈಗಲೂ ಅಲ್ಲೇ ಇದ್ದೇನೆ. ಕೆಳಗೆ ಅವರ ವಾಸ. ಬೀದಿಯ ಕಡೆಗೆ ತಗಡು ಹೊದಿಸಿದ ಒಂದು ಕೋಣೆ, ಅದೇ ಅವರ ಪರೀಕ್ಷಾ ಕೇಂದ್ರ. ರಕ್ತ, ಕಫ, ಕೀವು, ಉಗುರಿನ ಪುಡಿ ಎಲ್ಲ ಅಲ್ಲಿಗೆ ಬರುತ್ತಿತ್ತು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಡಾಕ್ಟರುಗಳು ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದರು. ಒಮ್ಮೆ ಮುದ್ದೇಬಿಹಾಳದ ಒಬ್ಬ ಕಂಡಕ್ಟರ್ ಅವಸರದಲ್ಲಿ ತನ್ನ ರೊಟ್ಟಿ ಪಲ್ಯದ ಡಬ್ಬಿಯನ್ನು ಇಲ್ಲಿ ಕೊಟ್ಟು, ಯಾರದೋ ಕಫವನ್ನು ಡಿಪೋಕ್ಕೆ ಒಯ್ದಿದ್ದ. ಊಟದ ಹೊತ್ತಿಗೆ ಓಡುತ್ತ ಬಂದ. ಮೇಡಮ್ ಅವನ ಪಲ್ಯದ ರುಚಿ ನೋಡಿಯೇ ಡಬ್ಬಿ ವಾಪಸು ಕೊಟ್ಟರು.

ಅವರ ತಂದೆ ಸಂತೆಯಿಂದ ಸಂತೆಗೆ ಅತ್ತರು, ಸುರುಮಾ, ಊದುಬತ್ತಿ ಮಾರುತ್ತಿದ್ದವರು. ಮಗಳು ಓದಿ ದೂರದ ಊರಿನ ದೊಡ್ಡ ಪ್ರಯೋಗಾಲಯ ಸೇರಿದಳು. ಅಲ್ಲಿ ವರ್ಷಗಟ್ಟಲೆ ಮಾಡಿದ್ದು ಬೂಸ್ಟಿನ ಕೆಲಸ, ಹಳಸಿದ ರೊಟ್ಟಿಯ ಮೇಲೆ ಏಳುತ್ತದಲ್ಲ, ಅಂಥದ್ದು. ತಾಯಿಗೆ ಪಾರ್ಶ್ವವಾಯು ಬಡಿದಾಗ ಊರಿಗೆ ಬಂದವರು ಇಲ್ಲೇ ಉಳಿದರು. ಊರವರು ಬೂಸ್ಟಿನ ಅಕ್ಕೋರು ಎಂದು ಹೆಸರಿಟ್ಟರು. ಅವರಿಗೆ ಅದು ಬೇಸರವೇನೂ ಇರಲಿಲ್ಲ.

ನನಗೆ ವಿಜ್ಞಾನವೆಂದರೆ ಅಷ್ಟಕ್ಕಷ್ಟೇ. ಆದರೂ ಒಮ್ಮೆ, ಇಷ್ಟು ಓದಿದವರು ಬೂಸ್ಟಿನಲ್ಲಿ ಏನು ಹುಡುಕುತ್ತಿದ್ದಿರಿ ಎಂದು ಕೇಳಿಬಿಟ್ಟೆ. ಅಂದು ಮಧ್ಯಾಹ್ನದ ನನ್ನ ನಿದ್ದೆ ಹೋಯಿತು.

“ಹಿಸ್ಟರಿ ಬಾಯಾರ, ಕೇಳ್ರಿ. ಒಂದು ಬೂಸ್ಟು ಐತಿ. ಮಣ್ಣಿನಾಗ, ಒಣಕಟಿಗ್ಯಾಗ, ಮುಳ್ಳಿನ ಮ್ಯಾಲ ಇದ್ದಾಗ ನೂಲಿನಂಗ ಎಳಿಎಳಿ ಇರ್ತೈತಿ. ಆ ಮುಳ್ಳು ಮನಷ್ಯಾಗ ಚುಚ್ಚಿ ಮೈಯೊಳಗ ಹೊಕ್ಕಿತಂದ್ರ, ಮೈಕಾವಿಗೆ ನೂಲು ಬಿಟ್ಟು ದುಂಡಗ ಆಗ್ತೈತಿ. ಸಣ್ಣ ಸಣ್ಣ ಗುಂಡು. ನೋಡಿದ್ರ ಎರಡೂ ಒಂದಽ ಅಂತ ಯಾರೂ ಅನ್ನೂದಿಲ್ಲ. ಆದ್ರ ಅದಽ ಜೀವ, ಅವಽ ಜೀನು.”

“ಜೀನು ಅವಽ ಇದ್ರ ರೂಪ ಹೆಂಗ ಬ್ಯಾರೆ ಆಗ್ತೈತ್ರಿ?”

“ನಿಮ್ಮ ಮನ್ಯಾಗ ಅಟ್ಟದ ಮ್ಯಾಲ ಕೊಪ್ಪರಿಗಿ ಐತಿಲ್ಲ? ದಿನಾ ಅದರಾಗ ಅನ್ನಾ ಮಾಡ್ತೀರೇನು? ಮದಿವಿ ಬಂದಾಗ ಇಳಸ್ತೀರಿ. ಅವತ್ತು ಸಣ್ಣ ಬೋಗಾಣಿ ಮೂಲಿಗೆ ಹೋಗ್ತಾವ. ಭಾಂಡೆ ಎಲ್ಲಾ ಮನ್ಯಾಗಽ ಇರ್ತಾವ, ಇವತ್ತು ಯಾವುದು ಅಟ್ಟದಿಂದ ಇಳೀತು ಅನ್ನೂದರ ಮ್ಯಾಲ ಮನಿ ರೂಪ. ಜೀನೂ ಹಂಗಽ. ನೂಲಿದ್ದಾಗ ಒಂದಿಷ್ಟು ಮಾತಾಡ್ತಾವ, ಗುಂಡು ಆದಾಗ ಅವು ಬಾಯಿ ಮುಚ್ಚಿ ಬ್ಯಾರೇವು ಮಾತಾಡ್ತಾವ.”

“ಇಳಸ್ರಿ ಅಂತ ಹೇಳಾವ್ರು ಯಾರು?”

“ಕಾವು” ಎಂದರು.

ಸಾಲೋಟಗಿಯ ಶಾಸನ ನೋಡಲು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಬಂದಾಗಲೆಲ್ಲ ನನ್ನನ್ನು ಕೆಣಕುತ್ತಿದ್ದರು. “ಕಲ್ಲಿನಾಗ ಏನು ಬರದೈತಿ ಅನ್ನೂದು ನಿಮ್ಮ ಕೆಲಸ. ಬರದದ್ದರಾಗ ಇವತ್ತು ಯಾವ ಸಾಲು ಓದಾಕತ್ತಾರ ಅನ್ನೂದು ನಂದು. ನಿಮ್ಮ ಕಲ್ಲು ಓಡಿ ಹೋಗೂದಿಲ್ಲ. ನನ್ನ ಸುದ್ದಿ ಹಿಡದ್ರ ಹಿಡದಂಗ, ಬಿಟ್ರ ಹೋತು.” ಜೀನು ಕಳಿಸುವ ಸುದ್ದಿ ಬಹಳ ಹೊತ್ತು ಬಾಳುವುದಿಲ್ಲವಂತೆ. ಜೀವಕೋಶ ರೂಪ ಬದಲಿಸುವ ಗಳಿಗೆಯಲ್ಲೇ ಅದನ್ನು ಥಟ್ಟನೆ ಹೆಪ್ಪುಗಟ್ಟಿಸಿ, ಆಗ ಯಾವ ಜೀನು ಮಾತಾಡುತ್ತಿತ್ತು ಎಂದು ನೋಡಬೇಕಂತೆ. ಹಾಗೆ ನಡುವೆ ಸಿಕ್ಕ ಕೋಶಗಳ ಚಿತ್ರಗಳು ಅವರ ಬಳಿ ಇದ್ದವು. ಅತ್ತ ನೂಲಲ್ಲ, ಇತ್ತ ಗುಂಡಲ್ಲ, ಒಂದು ಬದಿ ಉಬ್ಬಿ ಒಂದು ಬದಿ ಎಳೆದುಕೊಂಡ ಆಕಾರಗಳು. ನನಗೆ ಅವನ್ನು ನೋಡಲು ಒಂದು ಥರ ಹೆದರಿಕೆಯಾಗುತ್ತಿತ್ತು. ಮೇಡಮ್ ಮಾತ್ರ ಅವುಗಳನ್ನು ಪ್ರೀತಿಯಿಂದ ನೋಡುತ್ತಿದ್ದರು. “ಪಾಪ, ತಾ ಯಾರು ಅಂತ ಅದಕ್ಕಽ ಇನ್ನೂ ಗೊತ್ತಿಲ್ಲ” ಎನ್ನುತ್ತಿದ್ದರು.

ಇಷ್ಟೆಲ್ಲ ತಿಳಿದವರು ಅದೇ ಬೂಸ್ಟಿನ ಕೈಯಲ್ಲಿ ಮೋಸಹೋದರು. ನಮ್ಮ ಸೀಮೆಯ ಬೇಸಿಗೆಯಲ್ಲಿ ಮಾತ್ರ ಆಗಬಹುದಾದ ಮೋಸ ಅದು.

ನೀಲವ್ವ ಲಚ್ಯಾಣದ ಹತ್ತಿರದ ಒಂದು ಹಳ್ಳಿಯವಳು. ಇಂಡಿ ಕಡೆಯ ನಿಂಬೆ ತೋಟಗಳಲ್ಲಿ ಕಾಯಿ ಹರಿಯುವ ಕೆಲಸ. ನಿಂಬೆಗಿಡದಲ್ಲಿ ಕೈ ಹಾಕಿದರೆ ಮುಳ್ಳು ಬಿಡುವುದಿಲ್ಲ, ತೋಟದ ಹೆಂಗಸರು ಅದನ್ನು ಲೆಕ್ಕಕ್ಕೂ ಇಡುವುದಿಲ್ಲ. ಒಂದು ಬೇಸಿಗೆಯಲ್ಲಿ ಅವಳ ಬಲಗೈ ಬೆರಳಿನಲ್ಲಿ ಎದ್ದ ಗುಳ್ಳೆ ಒಡೆಯಿತು. ಅಲ್ಲಿಂದ ಮೊಣಕೈವರೆಗೆ ಗಂಟು ಗಂಟಾಗಿ ಸಾಲುಗಟ್ಟಿತು. ಇಂಡಿಯ ಡಾಕ್ಟರೊಬ್ಬರು ಕೀವು ತೆಗೆದು ಬಸ್ಸಿನಲ್ಲಿ ಮೇಡಮ್ಮಿಗೆ ಕಳಿಸಿದರು.

ಮೇಡಮ್ಮಿಗೆ ಅನುಮಾನ ಬಂದಿತ್ತು. ಅದೇ ಬೂಸ್ಟು ಇರಬಹುದೆಂದು ಕೀವನ್ನು ಎರಡು ಸೀಸೆಗಳಲ್ಲಿ ಬಿತ್ತಿದರು. ಒಂದನ್ನು ಮೈಕಾವು ಕೊಡುವ ಪೆಟ್ಟಿಗೆಯಲ್ಲಿ ಇಟ್ಟರು, ಇನ್ನೊಂದನ್ನು ಪೆಟ್ಟಿಗೆಯ ಹೊರಗೆ, ಗೋಡೆಯ ಮಾಡದ ಮೇಲೆ. ಅದೇ ಬೂಸ್ಟಾದರೆ ಪೆಟ್ಟಿಗೆಯಲ್ಲಿ ಗುಂಡಾಗಬೇಕು, ಹೊರಗೆ ನೂಲಾಗಬೇಕು. ಎರಡು ರೂಪ ಕಂಡರೆ ರೋಗ ಹಿಡಿದಂತೆ. ಹೊರಗಿನದನ್ನು ಕೋಣೆಯ ಶಾಖದಲ್ಲಿ ಇಡಿ ಎಂದಷ್ಟೇ ಪುಸ್ತಕದಲ್ಲಿ ಇರುತ್ತದಂತೆ. ಆ ಪುಸ್ತಕ ಬರೆದವರ ಕೋಣೆ ತಣ್ಣಗಿತ್ತು. ನಮ್ಮ ತಗಡಿನ ಕೋಣೆ ಆ ಬೇಸಿಗೆಯಲ್ಲಿ ಹಗಲೂ ರಾತ್ರಿ ಕುದಿಯುತ್ತಿತ್ತು. ಮಾಡದ ಮೇಲಿನ ಸೀಸೆಗೂ ಮೈಕಾವೇ ಸಿಕ್ಕಿತು. ಎರಡರಲ್ಲೂ ಕೆನೆಯಂಥ ಮೆತ್ತನೆಯ ಅಂಟು ಬೆಳೆಯಿತು, ಎರಡರಲ್ಲೂ ದುಂಡನೆಯ ಕೋಶಗಳು ಕಂಡವು. ರೂಪ ಬದಲಿಸಲಿಲ್ಲ, ಅಂದಮೇಲೆ ಇದು ಚರ್ಮದ ಮೇಲೆ ಇರುವ ಸಾದಾ ಯೀಸ್ಟ್ ಎಂದು ಮೇಡಮ್ ತೀರ್ಮಾನಿಸಿದರು. ರೋಗಕ್ಕೆ ಇದು ಕಾರಣವಲ್ಲ ಎಂದು ಇಂಡಿಗೆ ಹೇಳಿ ಕಳಿಸಿದರು. ಡಾಕ್ಟರು ಚರ್ಮದ ಕ್ಷಯ ಇರಬಹುದೆಂದು ಬೇರೆ ಔಷಧಿ ಶುರು ಮಾಡಿದರು.

ಮಳೆಗಾಲ ಹೋಗಿ ಚಳಿ ಬಂತು. ನಮ್ಮಲ್ಲಿ ಬಿಸಿಲು ಎಷ್ಟು ಕೆಟ್ಟದ್ದೋ ಚಳಿಯೂ ಅಷ್ಟೇ. ಒಂದು ಬೆಳಿಗ್ಗೆ ಮೇಡಮ್ ಕೆಳಗಿನಿಂದ ನನ್ನನ್ನು ಕೂಗಿದರು. ಆ ಧ್ವನಿ ಕೇಳಿ ಅವರ ತಾಯಿ ಹೋದರೆಂದೇ ತಿಳಿದು ಓಡಿದೆ. ತಾಯಿ ಒಳಗೆ ಗಂಜಿ ಕುಡಿಯುತ್ತಿದ್ದರು. ಮೇಡಮ್ ಕಿಟಕಿಯ ಬೆಳಕಿಗೆ ಒಂದು ಸೀಸೆ ಹಿಡಿದು ನಿಂತಿದ್ದರು. ಮಾಡ ಸ್ವಚ್ಛ ಮಾಡಲು ಹೋದಾಗ ಹಿಂದಿನ ಸಾಲಿನಲ್ಲಿ ಸಿಕ್ಕಿತಂತೆ. ಏನೂ ಇಲ್ಲ ಎಂದು ಅವರೇ ಬರೆದು ಇಟ್ಟಿದ್ದ ಸೀಸೆ. ಅದರೊಳಗೆ ಕೆನೆಯ ಅಂಚಿನಿಂದ ಬೂದು ಕಪ್ಪು ನೂಲು ಎದ್ದಿತ್ತು. ಗಾಜಿಗೆ ಆತುಕೊಂಡು ಮೇಲೆ ಹತ್ತುತ್ತಿತ್ತು.

“ಇದು ಬಾಯಿ ಬಿಟ್ಟೈತ್ರಿ” ಎಂದರು. “ಇಷ್ಟ ದಿನಾ ನನ್ನ ಬೆನ್ನ ಹಿಂದಽ ಕುಂತಿತ್ತು.”

ಮುಚ್ಚಿದ ಸೀಸೆ, ಅದರೊಳಗೆ ಒಂದಿಷ್ಟು ಬೂಸ್ಟು. ಆದರೂ ನನಗೆ ಆ ಕೋಣೆಯಲ್ಲಿ ಇನ್ನೊಬ್ಬರು ಯಾರೋ ನಿಂತ ಹಾಗೆ ಅನಿಸಿತು.

ಆ ಬೆಳಿಗ್ಗೆಯೇ ಇಬ್ಬರೂ ಇಂಡಿಯ ಬಸ್ಸು ಹಿಡಿದೆವು. ಡಾಕ್ಟರನ್ನು ವಿಚಾರಿಸಿ ಅವಳ ಹಳ್ಳಿ ತಲುಪಿದಾಗ ನೀಲವ್ವ ಮನೆಯ ಹೊಸ್ತಿಲಲ್ಲಿ ಕೂತು ಎಡಗೈಯಿಂದ ನಿಂಬೆಕಾಯಿ ಆರಿಸುತ್ತಿದ್ದಳು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಮೇಡಮ್ ಕೇಳಿದಾಗ ಹೊರಗೆ ತೆಗೆದಳು. ಮಣಿಕಟ್ಟು ಬಾತು, ಹುಣ್ಣು ಬಾಯಿ ತೆರೆದು, ಬೆರಳುಗಳು ಒಳಗೆ ಮಡಚಿಕೊಂಡಿದ್ದವು. ಮೇಡಮ್ ನೆಲದ ಮೇಲೆ ಅವಳ ಎದುರಿಗೇ ಕೂತುಬಿಟ್ಟರು. “ರೋಗ ಗೊತ್ತಾಗೇತಿ, ನಡಿ” ಎಂದಷ್ಟೇ ಹೇಳಿದರು. ಹೇಗೆ ಗೊತ್ತಾಯಿತು, ಯಾಕೆ ತಡವಾಯಿತು ಎಂದು ಹೇಳಲಿಲ್ಲ. ಸರಿಯಾದ ಔಷಧಿ ಬಿದ್ದ ಮೇಲೆ ಹುಣ್ಣು ಮಾಯಿತು. ಕೀಲು ತಿಂದುಹೋಗಿತ್ತು. ಆ ಮುಷ್ಟಿ ಮತ್ತೆ ಬಿಚ್ಚಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮೇಡಮ್ಮಿನ ನರಕ. ನೀಲವ್ವನ ದೃಷ್ಟಿಯಲ್ಲಿ ಇವರು ದೇವರು. ಊರಿನವರೆಲ್ಲ ಕೈಬಿಟ್ಟಾಗ ಮನೆಬಾಗಿಲಿಗೆ ಹುಡುಕಿಕೊಂಡು ಬಂದ ಪುಣ್ಯಾತ್ಮಳು. ವರ್ಷವರ್ಷ ನಿಂಬೆಯ ಸುಗ್ಗಿಗೆ ಒಂದು ಚೀಲ ಕಾಯಿ ಹೊತ್ತು ಸಿಂದಗಿಗೆ ಬರುತ್ತಿದ್ದಳು. ಚೀಲ ಇಳಿಸಿ ಕೈ ಮುಗಿಯುತ್ತಿದ್ದಳು. ಎಡಗೈ ನೆಟ್ಟಗೆ, ಬಲಗೈ ಮುಷ್ಟಿ, ಮುಷ್ಟಿಯ ಮೇಲೆ ಅಂಗೈ ಇಟ್ಟು ಹಣೆಗೆ ಒತ್ತುತ್ತಿದ್ದಳು.

“ನೀವು ಬರಲಿಲ್ಲಂದ್ರ ನಾ ಇಷ್ಟೊತ್ತಿಗೆ ಮಣ್ಣಾಗಿರ್ತಿದ್ನಿರಿ” ಎನ್ನುತ್ತಿದ್ದಳು.

ಮೇಡಮ್ ಚಹಾ ಕೊಟ್ಟು, ಸುಮ್ಮನೆ ಕೂತು ಕೇಳುತ್ತಿದ್ದರು. ಅವಳು ಹೋದ ಮೇಲೆ ಚೀಲ ನನ್ನ ಮಹಡಿಗೆ ಬರುತ್ತಿತ್ತು. ತಮಗೆ ಹುಳಿ ಆಗದು ಎಂಬ ನೆವ. ಉಪ್ಪಿನಕಾಯಿ ಹಾಕಿ ಹಾಕಿ ನನಗೆ ಸಾಕಾಯಿತು. ಒಂದು ಸಲ ರೇಗಿ ಕೇಳಿದ್ದಕ್ಕೆ ಇಡೀ ಕಥೆ ಹೇಳಿದರು. ಗೋಡೆ ಮುಟ್ಟುವುದೇಕೆಂದು ನನಗೆ ಆಗ ತಿಳಿಯಿತು. ಯಾವ ಕೋಣೆ ಕೋಣೆಯಾಗಿ ಉಳಿದಿದೆ, ಯಾವುದು ಮೈಯಾಗಿದೆ ಎಂದು ನೋಡುತ್ತಿದ್ದರು. ಅಂದಿನಿಂದ ನಾನು ಅವರನ್ನು ಗೋಡೆಯ ವಿಷಯಕ್ಕೆ ತಮಾಷೆ ಮಾಡುವುದನ್ನು ಬಿಟ್ಟೆ.

ಅವರು ಆ ಬೂಸ್ಟನ್ನು ಬಿಡಲಿಲ್ಲ, ಅದೂ ಅವರನ್ನು ಬಿಡಲಿಲ್ಲ. ನೀಲವ್ವನ ಕೈಯಿಂದ ಬಂದದ್ದನ್ನೇ ಹೊಸ ಸೀಸೆಗೆ ದಾಟಿಸಿ ದಾಟಿಸಿ ಜೀವಂತ ಇಟ್ಟಿದ್ದರು. ಪ್ರತಿ ಬೇಸಿಗೆ ಒಂದನ್ನು ಅದೇ ಮಾಡದ ಮೇಲೆ ಇಟ್ಟು, ನೂಲು ಹೋಗಿ ಗುಂಡಾಗುವುದನ್ನು ದಿನಾ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಈ ಸಲ ಬೇರೆ ಏನಾದರೂ ಆದೀತೆಂದು ಕಾಯುವವರ ಹಾಗೆ ನೋಡುತ್ತಿದ್ದರು. ಕಣ್ಣು ಮುಚ್ಚಿದರೂ ಆ ಗುಂಡುಗಳೇ ಕಾಣುತ್ತವೆ ಎನ್ನುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಯಾರಾದರೂ ಮುಷ್ಟಿ ಹಿಡಿದಿದ್ದರೆ ಬಿಚ್ಚುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ನನಗೆ ಅವರ ಮೇಲೆ ಕನಿಕರವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

“ಹೇಳಿಬಿಡ್ರಿ ಅಕಿಗೆ, ಇಲ್ಲಾ ಮರತಬಿಡ್ರಿ. ಎರಡರ ನಡುವ ನಿಂತು ಯಾಕ ಸಾಯ್ತೀರಿ?” ಎಂದೆ.

“ನಡುವಿಂದಽ ಅಲ್ಲೇನ್ರಿ ನಾ ಓದಿದ್ದು” ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಅವರ ತಾಯಿ ತೀರಿಕೊಂಡ ವರ್ಷ, ನೀಲವ್ವ ಎಂದಿನಂತೆ ಬಂದು ಬೆಂಚಿನ ಮೇಲೆ ಕೂತಿದ್ದಳು. ನಾನೂ ಇದ್ದೆ. ಅವಳು ಕೈ ಮುಗಿಯಲು ಎತ್ತಿದಾಗ ಮೇಡಮ್ ಎದ್ದು ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿಸಿದರು.

“ನೀಲವ್ವ, ನನಗ ಮುಗೀಬ್ಯಾಡ. ಮದ್ಲ ನಿನ್ನ ಕೀವು ನನ್ನ ಕಡೇನಽ ಬಂದಿತ್ತು. ಬ್ಯಾಸಗ್ಯಾಗ. ನಾ ನೋಡಿ ಏನೂ ಇಲ್ಲಂತ ಹೇಳಿ ಕಳಿಸಿದ್ನಿ. ಕ್ವಾಣಿ ಬಿಸಿ ಇತ್ತು, ಅದು ಖರೇ ರೂಪ ತೋರಿಸಲಿಲ್ಲ. ನನಗ ತಿಳೀಬೇಕಿತ್ತು. ಆ ಬೂಸ್ಟಿಂದಽ ನಾ ಓದಿದ್ದು. ನನಗ ತಿಳೀಲಿಲ್ಲ.”

ನೀಲವ್ವ ಮುಷ್ಟಿಯನ್ನು ಬಿಡಿಸಿಕೊಂಡು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

“ಆವಾಗಽ ಗೊತ್ತಾಗಿದ್ರ ಈ ಕೈ ಉಳೀತಿತ್ತೇನ್ರಿ?”

ಏನಾದರೂ ಸುಳ್ಳು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಉಳೀತಿತ್ತು” ಎಂದರು ಮೇಡಮ್.

ನೀಲವ್ವ ಮೇಡಮ್ಮಿನ ಮುಖ ನೋಡಲಿಲ್ಲ. ತನ್ನ ಕೈಯನ್ನೇ, ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿದಳು. ಅಳಲೂ ಇಲ್ಲ, ಬೈಯಲೂ ಇಲ್ಲ. ಎದ್ದು ಹೋದಳು. ಚಹಾ ಹಾಗೇ ಉಳಿಯಿತು.

ಮುಂದಿನ ಸುಗ್ಗಿಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಇಂಡಿಯ ಬಸ್ಸು ಬರುವ ಹೊತ್ತಿಗೆ ಮೇಡಮ್ ಏನಾದರೂ ಕೆಲಸ ಹಚ್ಚಿಕೊಂಡು ಬಾಗಿಲಲ್ಲಿ ಇರುತ್ತಿದ್ದರು. ಹೇಳಿದ ಮೇಲೆ ಹಗುರಾಗುತ್ತಾರೆ ಎಂದುಕೊಂಡಿದ್ದೆ. ಇನ್ನಷ್ಟು ಕುಗ್ಗಿದರು. “ಒಮ್ಮೆ ಬಂದು ಬಾಯಿತುಂಬ ಬೈದು ಹೋಗ್ಲಿ ಅಂತೀನಿ” ಎನ್ನುತ್ತಿದ್ದರು. “ಅಕಿ ಸುಮ್ಮನ ಎದ್ದು ಹೋದದ್ದು ನನ್ನ ಕಿವ್ಯಾಗ ಐತ್ರಿ.” ನಾನು ಹಳ್ಳಿಗೆ ಹೋಗಿ ಕರೆತರುತ್ತೇನೆ ಎಂದೆ. “ನನಗ ಬೈಯಾಕ ಬಾ ಅಂತ ಯಾರರೆ ಕರೀತಾರೇನ್ರಿ?” ಎಂದು ತಡೆದರು.

ಒಂದು ಶ್ರಾವಣದ ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಹೃದಯ ನಿಂತಿತ್ತು ಎಂದರು ಡಾಕ್ಟರು. ಮಣ್ಣು ಕೊಡುವಾಗ ನಾನು ಖಬರಸ್ತಾನದ ಗೇಟಿನ ಹೊರಗೆ, ಬೇವಿನ ಗಿಡದ ಕೆಳಗೆ ನಿಂತಿದ್ದೆ. ಸೀಸೆಗಳನ್ನೆಲ್ಲ ತಿಳಿದವರೊಬ್ಬರು ಬಂದು ಕುದಿಸಿ ಕೊಂದು ಹೋದರು. ಮುಂಬೈಯಿಂದ ಬಂದಿದ್ದ ಮೇಡಮ್ಮಿನ ತಮ್ಮ ತಗಡಿನ ಕೋಣೆಗೆ ಕೀಲಿ ಹಾಕಿ ವಾಪಸು ಹೋದ. ನನಗೆ ಮಾತ್ರ ಮಧ್ಯಾಹ್ನ ಕೆಳಗಿನಿಂದ ಗಾಜಿನ ಸಪ್ಪಳ ಕೇಳಿದಂತಾಗುತ್ತದೆ. ಹೋಗಿ ನೋಡುವುದಿಲ್ಲ.

ನೀಲವ್ವ ಬಂದದ್ದು ಆಮೇಲೆ, ಬಿಸಿಲು ಏರಿದ ಒಂದು ಹೊತ್ತು. ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನಾನು ಅವಳನ್ನು ಮೇಲಿನಿಂದ ಕಂಡೆ. ಕೈಯಲ್ಲಿ ಚೀಲ ಇರಲಿಲ್ಲ. ಕೀಲಿ ನೋಡುತ್ತ ನಿಂತಿದ್ದಳು. ಇಳಿದು ಹೋಗಿ ವಿಷಯ ಹೇಳಿದೆ. ಅವಳು ಗೋಡೆಗೆ ಒರಗಿ ಕಟ್ಟೆಯ ಮೇಲೆ ಕೂತಳು.

“ಬೈಯಾಕ ಬಂದಿದ್ನಿರಿ” ಎಂದಳು.

“ಕೈ ಹೋದದ್ದಕ್ಕೇನು, ನೀಲವ್ವ?”

“ತಪ್ಪು ಯಾರ ಕೈಲಿ ಆಗೂದಿಲ್ಲ ಬಿಡ್ರಿ. ವರ್ಷಾ ವರ್ಷಾ ಈ ಕೈ ತಗೊಂಡು ಮುಗದ್ನಲ್ಲಾ, ಆವಾಗ ಅಕಿ ಸುಮ್ಮ ನೋಡಕೋತ ಕುಂತ್ಲು. ಅದನ್ನ ಕೇಳೂದಿತ್ತು. ಮನ್ಯಾಗ, ತ್ವಾಟದಾಗ, ಬಸ್ಸಿನಾಗ ಎಲ್ಲಾ ಮಾತು ಜೋಡಿಸ್ಕೊಂಡು ಬಂದೇನಿ.”

“ಬೈದು ಏನ್ ಮಾಡ್ತಿದ್ದಿ?”

“ಏನ್ ಮಾಡ್ತಿದ್ನಿ? ಬೈದು, ಚಾ ಕುಡದು, ಬಸ್ ಹತ್ತತಿದ್ನಿ.”

ತಲೆ ಎತ್ತಿದಳು. “ಅಕಿ ನನ್ನ ಹಾದಿ ಕಾಯ್ತಿದ್ಲೇನ್ರಿ?”

ಇಲ್ಲ ಎನ್ನಬಹುದಿತ್ತು. “ಕಾಯ್ತಿದ್ರು” ಎಂದೆ. “ಬಸ್ ಬರೂ ಹೊತ್ತಿಗೆ ದಿನಾ ಇಲ್ಲೇ ನಿಂದರತಿದ್ರು.”

ನೀಲವ್ವ ಮೂಗು ಒರೆಸಿಕೊಂಡಳು. ಸೆರಗು ಸರಿಮಾಡಿಕೊಂಡು, ಕೀಲಿ ಹಾಕಿದ ಬಾಗಿಲಿನ ಕಡೆಗೆ ತಿರುಗಿ ಕೂತು, ಗಟ್ಟಿಯಾಗಿ ಬೈಯತೊಡಗಿದಳು. ನಾನು ಚಹಾಕ್ಕೆ ನೀರಿಡಲು ಮೇಲೆ ಹೋದೆ.